ಹಾಲಸ್ವಾಮಿಯ ಜಪಾನಿ ಪಾರಾಯಣ

ಕರೇಕಲ್ಲಹಟ್ಟಿಯ ಗ್ರಂಥಾಲಯ ಮೇಲ್ವಿಚಾರಕ ಹಾಲಸ್ವಾಮಿ ಬಿ.ಎ.ಯ ಇಂಗ್ಲಿಷನ್ನು ಮೂರನೇ ಸಲಕ್ಕೆ ಮೂವತ್ತೈದು ಅಂಕ ತೆಗೆದು ದಾಟಿದವನು. ಈ ಸಂಗತಿ ಅವನಿಗೆ, ವಿಶ್ವವಿದ್ಯಾಲಯಕ್ಕೆ ಮತ್ತು ಅವನ ಹೆಂಡತಿ ರೇಣುಕಮ್ಮನಿಗೆ ಮಾತ್ರ ಗೊತ್ತಿತ್ತು. ಊರಿನವರ ಪಾಲಿಗೆ ಅವನು ಇಂಗ್ಲಿಷ್ ಪಂಡಿತ. ಗೊಬ್ಬರದ ಚೀಲದ ಮೇಲೆ, ಮಾತ್ರೆಯ ಡಬ್ಬದ ಮೇಲೆ ಏನು ಬರೆದಿದೆಯೆಂದು ಕೇಳಲು ಜನ ಅವನ ಹತ್ತಿರವೇ ಬರುತ್ತಿದ್ದರು. ಅವನು ಕನ್ನಡಕ ಏರಿಸಿ, ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, ಇದನ್ನ ಮಕ್ಕಳ ಕೈಗೆ ಸಿಗದಂಗೆ ಇಡ್ರಿ ಅನ್ನುತ್ತಿದ್ದ. ಆ ಮಾತು ಎಲ್ಲ ಡಬ್ಬಕ್ಕೂ ಹೊಂದುತ್ತಿದ್ದುದರಿಂದ ಹತ್ತೊಂಬತ್ತು ವರ್ಷದಲ್ಲಿ ಅವನ ವಿದ್ವತ್ತಿಗೆ ಒಮ್ಮೆಯೂ ಕುಂದು ಬಂದಿರಲಿಲ್ಲ.

ಕರೇಕಲ್ಲಹಟ್ಟಿ ಜವನಗೊಂಡನಹಳ್ಳಿಯಿಂದ ಒಳಕ್ಕೆ ಆರು ಕಿಲೋಮೀಟರ್. ಮನೆ ನೂರಾ ನಲವತ್ತು, ಕುರಿ ಆರು ಸಾವಿರ. ಗ್ರಂಥಾಲಯವೆಂದರೆ ಒಂದು ಕೋಣೆ, ನಾಲ್ಕು ಬೀರು, ಒಂದು ಫ್ಯಾನು, ಪಂಚಾಯಿತಿಯವರು ಗೋಡೆಗೆ ಹಾಕಿಕೊಟ್ಟ ದೊಡ್ಡದೊಂದು ಟಿ.ವಿ. ದಿನಕ್ಕೆ ಸರಾಸರಿ ನಾಲ್ಕು ಓದುಗರು. ಇಬ್ಬರು ಪೇಪರಿಗೆ ಬರುತ್ತಿದ್ದರು, ಒಬ್ಬರು ಫ್ಯಾನಿಗೆ. ನಾಲ್ಕನೆಯವನು ಪಂಚಾಯಿತಿ ಸದಸ್ಯ ಪಾಲಯ್ಯ. ಅವನು ಬರುತ್ತಿದ್ದುದು ಕೋಣೆಯ ಅಳತೆ ತೆಗೆಯುವುದಕ್ಕೆ. ಅಲ್ಲಿ ಹಾಲಿನ ಡೈರಿ ಮಾಡಬೇಕೆಂಬುದು ಅವನ ಬಹುದಿನದ ಯೋಜನೆ. ಊರಿನಲ್ಲಿ ಒಟ್ಟು ಹಸು ಹನ್ನೊಂದು. ಅದರಲ್ಲಿ ಹಾಲು ಕೊಡುತ್ತಿದ್ದುದು ಮೂರು. ಮೊದಲು ಡೈರಿ ಆಗಲಿ, ಹಸು ತಾವಾಗೇ ಬರುತ್ತವೆ ಎಂದು ಪಾಲಯ್ಯ ಸಭೆಗಳಲ್ಲಿ ಹೇಳುತ್ತಿದ್ದ.

ಅವನ ಯೋಜನೆಗೆ ಬಲ ಬರುವಂತೆ ದುರ್ಗದ ಜಿಲ್ಲಾ ಕಚೇರಿಯಿಂದ ಒಂದು ಪತ್ರ ಬಂತು. ದಿನಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಓದುಗರಿರುವ ಗ್ರಂಥಾಲಯಗಳನ್ನು ಹೋಬಳಿಯ ಗ್ರಂಥಾಲಯದೊಳಗೆ ಸೇರಿಸಲಾಗುವುದು, ಮುಂದಿನ ತಿಂಗಳು ತಪಾಸಣೆಗೆ ಅಧಿಕಾರಿ ಬರುವರು ಎಂದು ಅದರಲ್ಲಿತ್ತು. ಹಾಲಸ್ವಾಮಿ ಅದನ್ನು ಮೂರು ಸಲ ಓದಿದ. ಪತ್ರ ಕನ್ನಡದಲ್ಲಿ ಇದ್ದುದರಿಂದ ತಪ್ಪು ತಿಳಿಯಲು ಅವಕಾಶವಿರಲಿಲ್ಲ. ಗ್ರಂಥಾಲಯ ಹೋದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮೇಜಿನ ಆ ಕಡೆ ಕೂರುವವನು ಎಂಬ ಪದವಿ ಹೋಗುತ್ತಿತ್ತು. ಅವನಿಗೆ ಊರಿನಲ್ಲಿ ಬೇರೆ ಜಾಗವೇ ಗೊತ್ತಿರಲಿಲ್ಲ.

ಅದೇ ವಾರ ಪುಸ್ತಕದ ಪೆಟ್ಟಿಗೆಯೊಂದು ಬಂತು. ಬೆಂಗಳೂರಿನ ಯಾರೋ ಪುಣ್ಯಾತ್ಮರು ಹಳ್ಳಿ ಗ್ರಂಥಾಲಯಗಳಿಗೆಂದು ದಾನ ಕೊಟ್ಟದ್ದು. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಐದು ಅಕ್ಷರ. ಮಾಂಗಾ ಎಂದು ಓದಬೇಕಾದದ್ದನ್ನು ಹಾಲಸ್ವಾಮಿ ಮಂಗ ಎಂದು ಓದಿಕೊಂಡು, ಬಿಚ್ಚುವ ಮೊದಲೇ ದಾಖಲಾತಿ ಪುಸ್ತಕದಲ್ಲಿ 'ಪ್ರಾಣಿಶಾಸ್ತ್ರ, ಹನ್ನೆರಡು ಸಂಪುಟ' ಎಂದು ಬರೆದ. ಬಿಚ್ಚಿದರೆ ಮಂಗ ಒಂದೂ ಇರಲಿಲ್ಲ, ಬರೀ ಕುರಿ. ಕುರಿಯೂ ಪ್ರಾಣಿಯೇ ಆದ್ದರಿಂದ ತಿದ್ದುವ ಗೋಜಿಗೆ ಹೋಗಲಿಲ್ಲ.

ಮಾಂಗಾ ಎಂದರೆ ಜಪಾನಿನವರು ಬರೆದ ಚಿತ್ರಕಥೆ, ಇದು ಇಂಗ್ಲಿಷಿಗೆ ಬಂದಿತ್ತು. ಹೆಸರನ್ನು ಕನ್ನಡಕ್ಕೆ ತಂದರೆ 'ಹಿಮಗುಡ್ಡದ ಕುರಿಮಂದೆ' ಎಂದಾಗುತ್ತದೆ. ಪುಟಕ್ಕೆ ಐದಾರು ಚಿತ್ರ, ಚಿತ್ರಕ್ಕೊಂದು ಮಾತಿನ ಗುಳ್ಳೆ, ಗುಳ್ಳೆಗೆ ಐದಾರು ಪದ. ಇಷ್ಟು ಇಂಗ್ಲಿಷು ಮೂವತ್ತೈದು ಅಂಕಕ್ಕೆ ನಿಲುಕುವಂಥದ್ದೇ.

ಆ ಹೊತ್ತಿಗೆ ಸರಿಯಾಗಿ ಏಕನಾಥಮ್ಮ ಬುಟ್ಟಿಗೆ ಹಾಸಲು ಹಳೇ ಪೇಪರು ಕೇಳಿಕೊಂಡು ಬಂದಳು. ಎಪ್ಪತ್ತು ದಾಟಿದ ಹೆಂಗಸು. ಅರವತ್ತು ವರ್ಷ ಕುರಿಯ ಹಿಂದೆ ನಡೆದ ಕಾಲು, ಅಷ್ಟೇ ವರ್ಷ ಕುರಿಯನ್ನು ಕೂಗಿದ ಗಂಟಲು. ಪುಸ್ತಕದ ಮೇಲಿನ ಚಿತ್ರ ನೋಡಿ, ಇದ್ಯಾವ ತಳಿ, ಮುಖದ ಮ್ಯಾಲೂ ಉಣ್ಣೆ ಐತಲ್ಲ ಎಂದಳು. ಜಪಾನಿನದು ಎಂದ ಹಾಲಸ್ವಾಮಿ. ಕತೆ ಏನು ಎಂದಳು. ನಾಳೆ ಓದಿ ಹೇಳ್ತೀನಿ ಎಂದ. ಏಕನಾಥಮ್ಮ ಬುಟ್ಟಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತೇಬಿಟ್ಟಳು.

ಹಾಲಸ್ವಾಮಿ ಪುಸ್ತಕವನ್ನು ನಾವು ನೀವೆಲ್ಲ ತೆರೆಯುವ ಹಾಗೆ ಎಡಗಡೆಯಿಂದ ತೆರೆದ. ಮೊದಲ ಪುಟದಲ್ಲಿ ಚಿತ್ರವಿರಲಿಲ್ಲ. ಅಂಗೈಯಗಲದ ಅಕ್ಷರದಲ್ಲಿ 'ನಿಲ್ಲಿ' ಎಂಬ ಅರ್ಥದ ಒಂದೇ ಇಂಗ್ಲಿಷ್ ಪದ, ಕೆಳಗೆ ಸಣ್ಣ ಅಕ್ಷರದ ನಾಲ್ಕು ಸಾಲು. ಪುಸ್ತಕದ ಮೊದಲ ಪುಟದ ಸಣ್ಣ ಅಕ್ಷರಗಳಲ್ಲಿ ವಿಳಾಸವೋ ಬೆಲೆಯೋ ಇರುತ್ತದೆಂಬುದು ಅವನ ಅನುಭವ; ಆದ್ದರಿಂದ ಓದಲಿಲ್ಲ.

"ಏನಂತ ಬರದೈತೆ?" ಎಂದಳು ಏಕನಾಥಮ್ಮ.

"ನಿಲ್ಲಿ ಅಂತ ಐತೆ."

"ಯಾಕೆ?"

ಗೊತ್ತಿಲ್ಲ ಎಂಬ ಮಾತನ್ನು ಹಾಲಸ್ವಾಮಿ ಆ ಮೇಜಿನ ಹಿಂದೆ ಕೂತು ಎಂದೂ ಆಡಿದವನಲ್ಲ. ಜಪಾನಿನಲ್ಲಿ ಪುಸ್ತಕ ಓದುವ ಮುಂಚೆ ಒಂದು ನಿಮಿಷ ಎದ್ದು ನಿಲ್ಲುತ್ತಾರೆ, ಅದು ವಿದ್ಯೆಗೆ ಕೊಡುವ ಮರ್ಯಾದೆ ಎಂದು ವಿವರಿಸಿದ. ಏಕನಾಥಮ್ಮ ಮಂಡಿ ಹಿಡಿದುಕೊಂಡು ಎದ್ದಳು, ಸೆರಗು ಸರಿಮಾಡಿಕೊಂಡಳು, ನಿಂತಳು. ಪಂಡಿತನೂ ಎದ್ದು ನಿಲ್ಲಬೇಕಾಯಿತು. ಒಂದು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೂತ ಮೇಲೆ ಅವಳು, ರೀತಿನೀತಿ ಇರೋ ದೇಶ ಕಣಪ್ಪ ಎಂದಳು.

ಜಪಾನಿನ ಪುಸ್ತಕವನ್ನು ಬಲಗಡೆಯಿಂದ ಎಡಕ್ಕೆ ಓದಬೇಕು. ನಮಗೆ ಕೊನೆಯ ಪುಟವಾದದ್ದು ಅವರಿಗೆ ಮೊದಲನೆಯದು. ಇದು ಹಾಲಸ್ವಾಮಿಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲವೆಂಬ ಸುಳಿವೂ ಅವನಿಗಿರಲಿಲ್ಲ. ಹೀಗಾಗಿ ಅವನು ಕೊನೆಯಿಂದ ಮೊದಲಿಗೆ ಕತೆ ಹೇಳಲು ತೊಡಗಿದ.

ಸರಿಯಾದ ಕತೆ ಹೀಗಿದೆ: ಜಪಾನಿನ ಉತ್ತರದ ದ್ವೀಪದಲ್ಲಿ ತೊಕುಜಿ ಎಂಬ ಕುರಿ ಕಾಯುವ ಹುಡುಗ, ಅವನ ಅಜ್ಜಿ, ಮುನ್ನೂರು ಕುರಿ. ನೆರೆಯವನಾದ ಕುರೋದಾ ಎಂಬ ಜಮೀನ್ದಾರ ಮೊದಲು ಸ್ನೇಹದಿಂದಿದ್ದು, ಬರಬರುತ್ತ ಕೆಟ್ಟು, ಒಂದೊಂದಾಗಿ ಕುರಿಗಳನ್ನು ಕಬಳಿಸುತ್ತಾನೆ, ಅವರ ಗುಡಿಸಲು ಸುಡುತ್ತಾನೆ, ಅಡ್ಡ ಬಂದವರನ್ನು ಕತ್ತಿಯಿಂದ ತಿವಿಯುತ್ತಾನೆ. ಅಜ್ಜಿ ಹಾಸಿಗೆ ಹಿಡಿಯುತ್ತಾಳೆ. ಮೊದಲ ಸಂಪುಟ ಅವಳ ಸಮಾಧಿಯ ಹತ್ತಿರ ಮುಗಿಯುತ್ತದೆ.

ಹಾಲಸ್ವಾಮಿ ಓದಿದ ಕತೆಯೇ ಬೇರೆ. ಮೊದಲ ಚಿತ್ರದಲ್ಲೇ ಸಮಾಧಿ. ಮುಂದೆ ಅಜ್ಜಿ ಹಾಸಿಗೆಯಲ್ಲಿ ಕಣ್ಣು ಬಿಟ್ಟಳು. ದಿನೇ ದಿನೇ ಚೇತರಿಸಿಕೊಂಡಳು. ಸುಟ್ಟು ಬೂದಿಯಾಗಿದ್ದ ಗುಡಿಸಲ ಹತ್ತಿರ ಕುರೋದಾ ಪಂಜು ಹಿಡಿದು ಬಂದ. ಅವನು ಬಂದುಹೋದ ಮೇಲೆ ಗುಡಿಸಲು ಹೊಸದಾಗಿ ನಿಂತಿತ್ತು. ನೆಲದಲ್ಲಿ ಬಿದ್ದಿದ್ದ ಗಾಯಾಳುಗಳ ಹೊಟ್ಟೆಗೆ ಅವನು ಕತ್ತಿ ತಾಗಿಸಿದ, ಅವರು ಎದ್ದು ಓಡಾಡಿದರು. ಕತ್ತಿಯ ತುದಿಯಲ್ಲಿ ಗಿಡಮೂಲಿಕೆ ಇರಬೇಕೆಂದು ಹಾಲಸ್ವಾಮಿ ಊಹಿಸಿ ಹೇಳಿದ. ಎಲ್ಲಕ್ಕಿಂತ ಹೆಚ್ಚಾಗಿ, ಮುನ್ನೂರು ಕುರಿಯ ಒಡೆಯನಾಗಿದ್ದ ಕುರೋದಾ ದಿನಕ್ಕೆ ಹತ್ತು, ಇಪ್ಪತ್ತು ಕುರಿಯಂತೆ ಬಡ ಹುಡುಗನ ರೊಪ್ಪಕ್ಕೆ ತಂದು ಬಿಟ್ಟು ಮಾತಾಡದೆ ಹೋಗುತ್ತಿದ್ದ.

ಮಾತುಗಳು ಮಾತ್ರ ಸ್ವಲ್ಪ ತೊಡಕು ಕೊಟ್ಟವು. ಚೆನ್ನಾಗಿದ್ದೀನಿ ಎಂದು ಅಜ್ಜಿ ಹೇಳಿದ ಮೇಲೆ, ಅಜ್ಜಿ ಹೇಗಿದ್ದೀಯ ಎಂದು ಹುಡುಗ ಕೇಳುತ್ತಿದ್ದ. ಹಾಲಸ್ವಾಮಿ ಒಂದು ಗಳಿಗೆ ತಬ್ಬಿಬ್ಬಾದರೂ, ಜಪಾನಿನ ಹಿರಿಯರು ಮಕ್ಕಳನ್ನು ಕಾಯಿಸಬಾರದೆಂದು ಉತ್ತರವನ್ನು ಮುಂಚೆಯೇ ಕೊಟ್ಟುಬಿಡುತ್ತಾರೆ ಎಂದ. ಕೇಳುತ್ತಿದ್ದವರು ತಲೆದೂಗಿದರು.

ಕೇಳುವವರು ಆಗಲೇ ಮೂವತ್ತಾಗಿದ್ದರು. ಏಕನಾಥಮ್ಮ ಮೊದಲ ಸಂಜೆಯೇ ಕೇರಿಗೆಲ್ಲ ಹೇಳಿದ್ದಳು. ಕುರಿಯ ಕತೆ ಪುಸ್ತಕದಲ್ಲಿ ಬಂದಿರುವುದು ಆ ಊರಿಗೆ ಹೊಸದು. ನಾಲ್ಕನೇ ದಿನ ಅರವತ್ತು ಜನ, ಎಂಟನೇ ದಿನಕ್ಕೆ ಕೋಣೆ ಸಾಲದೆ ಅಂಗಳಕ್ಕೆ ಜಮಖಾನ ಬಂತು. ಸಂಜೆ ಕುರಿ ರೊಪ್ಪ ಸೇರಿದ ಕೂಡಲೇ ಜನ ಮುಖ ತೊಳೆದುಕೊಂಡು ಬರುವರು, ಒಂದು ನಿಮಿಷ ಎದ್ದು ನಿಲ್ಲುವರು, ಆಮೇಲೆ ಪುಸ್ತಕ ಕೈಯಿಂದ ಕೈಗೆ ಹೋಗುವುದು. ಚಿತ್ರದ ಕುರಿಗೆ ಕಾಲುಬೇನೆ ಇದೆಯೆಂದು ಒಬ್ಬರು ಗುರುತಿಸಿದರೆ, ಹಿಮದಲ್ಲಿ ಮರಿ ಹಾಕಿಸಿದರೆ ಉಳಿಯುವುದಿಲ್ಲವೆಂದು ಇನ್ನೊಬ್ಬರು ಬರೆದವನ ಮೇಲೆ ಬೇಸರಪಟ್ಟರು. ಕುರೋದಾನ ಹೆಸರು ನಾಲಿಗೆಗೆ ಒಗ್ಗದೆ ಕುರುಡಪ್ಪನಾಯಿತು. ಎರಡು ಕಣ್ಣೂ ಚೆನ್ನಾಗಿದ್ದ ಆ ಮನುಷ್ಯ ಹತ್ತು ದಿನದಲ್ಲಿ ಕರೇಕಲ್ಲಹಟ್ಟಿಯ ಆರಾಧ್ಯಪುರುಷನಾದ. ಇಬ್ಬರು ತಮ್ಮ ಟಗರಿಗೆ ಅವನ ಹೆಸರಿಟ್ಟರು.

ಪಾಲಯ್ಯನೂ ಬರುತ್ತಿದ್ದ. ಮೊದಲು ಬಂದದ್ದು ಇದು ಎಷ್ಟು ದಿನದ ಗಲಾಟೆ ನೋಡೋಣವೆಂದು. ಆಮೇಲೆ ತಾನೇ ಮುಂದಿನ ಸಾಲಿನಲ್ಲಿ ಜಾಗ ಹಿಡಿದ. ಆದರೆ ಅವನಿಗೆ ಅಲ್ಲೊಂದು ಕಷ್ಟ ಕಾದಿತ್ತು. ಹಿಂದಿನ ದೀಪಾವಳಿಯಲ್ಲಿ ಏಕನಾಥಮ್ಮನ ಎರಡು ಕುರಿ ದಾರಿ ತಪ್ಪಿ ಅವನ ಮಂದೆಗೆ ಸೇರಿದ್ದವು. ಅವಳು ಕೇಳಿದಾಗ, ಗುರುತು ತೋರಿಸು ಎಂದಿದ್ದ. ಅವಳು ಕಿವಿಯ ಕಚ್ಚು ತೋರಿಸಿದಾಗ, ಅಂಥ ಕಚ್ಚು ನಮ್ಮ ಕುರಿಗೂ ಇದೆ ಎಂದಿದ್ದ. ಪಂಚಾಯಿತಿಯಲ್ಲಿ ಮಾತು ನಡೆದು, ಸದಸ್ಯನೇ ಅವನಾದ್ದರಿಂದ ಅಲ್ಲೇ ನಿಂತಿತ್ತು. ಈಗ ಪುಸ್ತಕದಲ್ಲಿ ಕುರುಡಪ್ಪ ಕುರಿ ಹೊಡೆದುಕೊಂಡು ಬಂದು ಬಡವರ ರೊಪ್ಪಕ್ಕೆ ಬಿಟ್ಟಾಗಲೆಲ್ಲ ಅರವತ್ತು ಮುಖ ಪಾಲಯ್ಯನ ಕಡೆ ತಿರುಗುತ್ತಿದ್ದವು. ಸುಮ್ಮನೆ ನೋಡಿ ಮತ್ತೆ ಪುಸ್ತಕದ ಕಡೆ ತಿರುಗುತ್ತಿದ್ದರು.

ಹನ್ನೊಂದನೇ ದಿನ ಮಧ್ಯಾಹ್ನ ಪಾಲಯ್ಯ ಎರಡು ಕುರಿ, ಆಮೇಲೆ ಹುಟ್ಟಿದ್ದ ಒಂದು ಮರಿಯನ್ನು ಹೊಡೆದುಕೊಂಡು ಬಂದು ಏಕನಾಥಮ್ಮನ ರೊಪ್ಪಕ್ಕೆ ಬಿಟ್ಟ. ಕುರುಡಪ್ಪನ ಹಾಗೇ ಮಾತಾಡದೆ ಹೋಗಬೇಕೆಂದುಕೊಂಡಿದ್ದನಂತೆ, ತಡೆಯಲಾಗದೆ ನಾಲ್ಕು ಜನರನ್ನು ಕರೆದು ತೋರಿಸಿ ಹೋದ. ಸಂಜೆ ಅವನು ಬಂದಾಗ ಜನ ತಾವಾಗಿ ಸರಿದು ಜಾಗ ಬಿಟ್ಟರು. ಜನ್ಮದಲ್ಲಿ ಮೊದಲ ಸಲ ಹೀಗಾದದ್ದರಿಂದ ಪಾಲಯ್ಯ ಆ ಸಂಜೆಯೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದ.

ಹನ್ನೆರಡನೇ ದಿನ ಮೊದಲ ಸಂಪುಟ ಮುಗಿಯಿತು. ಕೊನೆಯ ಚಿತ್ರದಲ್ಲಿ ಅಜ್ಜಿ, ಹುಡುಗ, ಕುರುಡಪ್ಪ ಮೂವರೂ ಒಂದೇ ಒಲೆಯ ಸುತ್ತ ಕೂತು ಗಂಜಿ ಕುಡಿಯುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಂಡರು. ಇಂಥ ಒಳ್ಳೇ ಕತೆಯನ್ನು ಇನ್ನೂ ಹನ್ನೊಂದು ಸಂಪುಟ ಹೇಗೆ ಬೆಳೆಸಿದ್ದಾರೋ ಎಂದುಕೊಳ್ಳುತ್ತ ಎಲ್ಲರೂ ಮನೆಗೆ ಹೋದರು.

ಮರುದಿನ ಎರಡನೇ ಸಂಪುಟ ತೆರೆದರೆ, ಕುರಿಗಳೆಲ್ಲ ಮತ್ತೆ ಕುರುಡಪ್ಪನ ಕೋಟೆಯೊಳಗಿದ್ದವು. ಅಜ್ಜಿ ಎಲ್ಲೂ ಕಾಣಲಿಲ್ಲ. ಏಕನಾಥಮ್ಮ, ನಿನ್ನೆ ಎಲ್ಲಾ ವಾಪಸ್ ಕೊಟ್ಟಿದ್ನಲ್ಲ ಎಂದು ಕೇಳಿದಳು. ಹಾಲಸ್ವಾಮಿ ಹಿಂದೆ ತಿರುವಿದ, ಮುಂದೆ ತಿರುವಿದ. ಕೊನೆಗೆ ಪುಸ್ತಕ ಕಟ್ಟಿದವರು ಹಾಳೆ ಹಿಂದುಮುಂದು ಮಾಡಿದ್ದಾರೆ, ಹಿರಿಯೂರಿನಲ್ಲಿ ಬಿಚ್ಚಿಸಿ ಸರಿಯಾಗಿ ಕಟ್ಟಿಸಿಕೊಂಡು ಬರುತ್ತೇನೆ ಎಂದು ಸಭೆ ಮುಗಿಸಿದ.

ಹಿರಿಯೂರಿನಲ್ಲಿ ರಹಮತ್ ಉಲ್ಲಾ ಎಂಬ ಹಿರಿಯರು ಪುಸ್ತಕ ಕಟ್ಟುವ ಅಂಗಡಿ ಇಟ್ಟಿದ್ದರು. ಅಪ್ಪನ ಕಾಲದಿಂದ ಕಚೇರಿಗಳ ದಫ್ತರು, ಕನ್ನಡ ನಿಘಂಟು, ಉರ್ದು ಗ್ರಂಥ ಎಲ್ಲ ಕಟ್ಟಿದ ಕೈ. ಹಾಲಸ್ವಾಮಿ ಎರಡೂ ಸಂಪುಟ ಅವರ ಮುಂದಿಟ್ಟು ತಯಾರಕರ ಬೇಜವಾಬ್ದಾರಿಯ ಬಗ್ಗೆ ಸುಮಾರು ಹೊತ್ತು ಮಾತಾಡಿದ. ರಹಮತ್ ಉಲ್ಲಾ ಪುಸ್ತಕವನ್ನು ಕೈಗೆತ್ತಿಕೊಂಡು, ಉರ್ದು ಪುಸ್ತಕದ ಅಭ್ಯಾಸಬಲದಿಂದ ಬಲಗಡೆಯಿಂದ ತೆರೆದು, ಒಂದೊಂದೇ ಹಾಳೆ ತಿರುವುತ್ತ ಹೋದರು. ಅರ್ಧ ಮುಗಿಯುವವರೆಗೆ ತಲೆಯೆತ್ತಲಿಲ್ಲ.

"ಕಟ್ಟಿರೋದು ಬರೋಬರಿ ಐತೆ ಮೇಷ್ಟ್ರೇ," ಎಂದರು. "ಆದ್ರೆ ಈ ಕುರೋದಾ ಅನ್ನೋನು ಭಾಳ ಹರಾಮಿ."

ಆರಾಧ್ಯಪುರುಷನ ಬಗ್ಗೆ ಇಂಥ ಮಾತು ಕೇಳಿ ಹಾಲಸ್ವಾಮಿಗೆ ಸಿಟ್ಟೇ ಬಂತು. ಆಗ ಒಳಗಿನಿಂದ ರಹಮತ್ ಉಲ್ಲಾರ ಮೊಮ್ಮಗಳು ಶಿಫಾ ಬಂದಳು. ಬಿ.ಕಾಂ. ಕೊನೆಯ ವರ್ಷದವಳು. ಪುಸ್ತಕ ನೋಡಿದ ಕೂಡಲೇ ಮುಖ ಅರಳಿತು. ಇದು ಪುಸ್ತಕವಾಗಿ ಬಂದ ಮೇಲೆ ಚಲಿಸುವ ಚಿತ್ರವಾಗಿಯೂ ಬಂದಿದೆ, ಅದಕ್ಕೆ ಆನಿಮೆ ಅಂತಾರೆ, ತಾನೂ ಗೆಳತಿಯರೂ ಪೂರ್ತಿ ನೋಡಿದ್ದೇವೆ ಎಂದಳು. ಹಾಲಸ್ವಾಮಿ ತನ್ನ ಕಷ್ಟ ಹೇಳಿದ. ಅವಳು ನಗು ತಡೆದುಕೊಂಡು, ಅವನು ಹನ್ನೆರಡು ದಿನ ಮೊದಲ ಪುಟವೆಂದು ತಿಳಿದಿದ್ದ ಪುಟವನ್ನು ತೆಗೆದು, ದೊಡ್ಡ ಅಕ್ಷರದ ಕೆಳಗಿದ್ದ ಸಣ್ಣ ಸಾಲುಗಳನ್ನು ಕನ್ನಡದಲ್ಲಿ ಓದಿದಳು.

"ನಿಲ್ಲಿ. ನೀವು ತಪ್ಪು ಕಡೆಯಿಂದ ಶುರು ಮಾಡ್ತಿದೀರ. ಇದು ಪುಸ್ತಕದ ಕೊನೆ. ದಯವಿಟ್ಟು ತಿರುಗಿಸಿ ಆ ಕಡೆಯಿಂದ ಓದಿ."

ಹಾಲಸ್ವಾಮಿ ಅಂಗಡಿಯ ಬೆಂಚಿನ ಮೇಲೆ ಕೂತ. ರಹಮತ್ ಉಲ್ಲಾ ಚಹಾ ತರಿಸಿದರು. ಕುಡಿದನೋ ಇಲ್ಲವೋ ಅವನಿಗೆ ನೆನಪಿಲ್ಲ. ಊರಿಗೆ ಊರೇ ದಿನಾ ಸಂಜೆ ಎದ್ದು ನಿಂತಿದ್ದು, ಕತ್ತಿಯ ತುದಿಯ ಗಿಡಮೂಲಿಕೆ, ಪಾಲಯ್ಯನ ಎರಡು ಕುರಿ ಒಂದು ಮರಿ ಎಲ್ಲ ಅವನ ಕಣ್ಣ ಮುಂದೆ ಬಂದವು. ಸೋಮವಾರದ ತಪಾಸಣೆಗೆ ಉಳಿದದ್ದು ನಾಲ್ಕೇ ದಿನ. ಕುರೋದಾನನ್ನು ಪ್ರೀತಿಸುವ ಊರೊಂದಿದೆ ಎಂದು ಕೇಳಿ ಶಿಫಾಳಿಗೆ ಮಾತ್ರ ಬಹಳ ಸೋಜಿಗ. ಅವನ ಹೆಸರೆತ್ತಿದರೆ ಕಾಲೇಜಿನ ಹುಡುಗಿಯರು ಉಗಿಯುತ್ತಾರಂತೆ. ಸೋಮವಾರ ತಾತನ ಜೊತೆ ಲ್ಯಾಪ್‌ಟಾಪ್ ತಂದು ಮೊದಲ ಕಂತು ತೋರಿಸುತ್ತೇನೆ, ಅಂಥ ಊರನ್ನು ಒಮ್ಮೆ ನೋಡಬೇಕು ಎಂದಳು.

ಮನೆಗೆ ಬಂದು ಹಾಲಸ್ವಾಮಿ ಹೆಂಡತಿಗೆ ಎಲ್ಲ ಹೇಳಿದ. ರೇಣುಕಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು. ಪುಸ್ತಕದ ವಿಷಯ ಊರಿಗೆ ಹೇಳಿಬಿಡು, ಮೂವತ್ತೈದು ಅಂಕದ ವಿಷಯ ಯಾರೂ ಕೇಳಿಲ್ಲವಾದ್ದರಿಂದ ಹೇಳಬೇಡ ಎಂದಳು. ಅವನು ಹೇಳುವುದಕ್ಕೆ ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಅವಳು ನೀರಿನ ನಲ್ಲಿಯ ಹತ್ತಿರ ಒಬ್ಬಳಿಗೆ ಹೇಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪಾಲಯ್ಯನ ಮನೆ ತಲುಪಿತು.

ಊರು ಎರಡು ಭಾಗವಾಯಿತು. ಮೇಷ್ಟ್ರು ಓದಿದ್ದು ಸರಿ, ಹಿರಿಯೂರಿನವರಿಗೆ ಕುರಿ ಏನು ಗೊತ್ತು ಎನ್ನುವವರು ಒಂದು ಕಡೆ. ಮೋಸ ಹೋದೆವು ಎನ್ನುವವರು ಇನ್ನೊಂದು ಕಡೆ. ಟಗರಿಗೆ ಹೆಸರಿಟ್ಟವರಲ್ಲಿ ಒಬ್ಬ ಹೆಸರು ತೆಗೆದ. ಇನ್ನೊಬ್ಬ, ಟಗರು ಆ ಹೆಸರಿಗೆ ಓಗೊಡುವುದನ್ನು ಕಲಿತುಬಿಟ್ಟಿದೆ, ಏನು ಮಾಡಲಿ ಎಂದು ಹಾಲಸ್ವಾಮಿಯನ್ನೇ ಕೇಳಿಕೊಂಡು ಬಂದ. ಪಾಲಯ್ಯ ಮಾತ್ರ ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ಬಿಳಿ ಹಾಳೆ ತರಿಸಿ ಅರ್ಜಿ ಬರೆಸಿದ. ಸದರಿ ಗ್ರಂಥಾಲಯದ ತಪ್ಪು ಓದುವಿಕೆಯಿಂದ ಪ್ರೇರಿತನಾಗಿ ತಾನು ಒಳ್ಳೆಯವನಾಗಿದ್ದು, ಆ ಸಂಬಂಧ ಎರಡು ಕುರಿ ಮತ್ತು ಒಂದು ಮರಿಯನ್ನು ಕಳೆದುಕೊಂಡಿರುವುದರಿಂದ, ಅವುಗಳನ್ನು ವಾಪಸ್ ಕೊಡಿಸಿ ಗ್ರಂಥಾಲಯವನ್ನು ಮುಚ್ಚಿ ಆ ಸ್ಥಳದಲ್ಲಿ ಡೈರಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಸೋಮವಾರ ಸಂಜೆ ಐದಕ್ಕೆ ದುರ್ಗದಿಂದ ರವೀಂದ್ರ ಎಂಬ ತಪಾಸಣಾಧಿಕಾರಿಯ ಜೀಪು ಬಂತು. ಬೆಳಿಗ್ಗೆಯಿಂದ ಮೂರು ಗ್ರಂಥಾಲಯ ನೋಡಿ, ಮೂರರಲ್ಲೂ ಒಬ್ಬೊಬ್ಬ ಮುದುಕ ಪೇಪರು ಮುಚ್ಚಿಕೊಂಡು ಮಲಗಿದ್ದನ್ನು ಕಂಡು ಬಂದ ಮನುಷ್ಯ. ಜೀಪಿಳಿದರೆ ಅಂಗಳದ ತುಂಬ ನೂರೈವತ್ತು ಜನ ತಲೆ ತಗ್ಗಿಸಿ, ಕೈ ಕಟ್ಟಿ, ಸದ್ದಿಲ್ಲದೆ ನಿಂತಿದ್ದಾರೆ. ಪುಸ್ತಕ ಯಾವ ಕಡೆಯಿಂದಾದರೂ ಓದು, ನಿಲ್ಲೋದು ಮಾತ್ರ ಬಿಡಬ್ಯಾಡ ಎಂದು ಏಕನಾಥಮ್ಮ ಅಪ್ಪಣೆ ಮಾಡಿದ್ದಳು. ರವೀಂದ್ರರು ಪರಿಸ್ಥಿತಿ ಅರ್ಥಮಾಡಿಕೊಂಡವರಂತೆ ಚಪ್ಪಲಿ ಬಿಟ್ಟು, ತಾವೂ ತಲೆ ತಗ್ಗಿಸಿ ನಿಂತರು. ಡ್ರೈವರು ಟೋಪಿ ತೆಗೆದ.

ನಿಮಿಷ ಕಳೆದ ಮೇಲೆ ಅವರು ಹಾಲಸ್ವಾಮಿಯ ಹತ್ತಿರ ಬಂದು ಮೆಲ್ಲಗೆ, "ಯಾರು ಹೋಗಿದ್ದು?" ಎಂದರು.

"ಯಾರೂ ಹೋಗಿಲ್ಲ ಸರ್," ಎಂದ ಹಾಲಸ್ವಾಮಿ. "ಎಲ್ಲಾ ಬಂದಾರೆ. ಓದಕ್ಕೆ."

ರವೀಂದ್ರರು ಆ ವಾಕ್ಯವನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಅವರಿಗೆ ಕುರ್ಚಿ ಹಾಕಿದ ಮೇಲೆ ಹಾಲಸ್ವಾಮಿ ಜನರ ಮುಂದೆ ನಿಂತ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಮೇಜಿನ ಈ ಕಡೆ ಬಂದದ್ದು. ತಾನು ಪುಸ್ತಕವನ್ನು ತಪ್ಪು ಕಡೆಯಿಂದ ಓದಿದೆ, ಸಣ್ಣ ಅಕ್ಷರ ಓದುವ ಅಭ್ಯಾಸ ತನಗಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದೆ, ಜಪಾನಿನವರು ಪುಸ್ತಕದ ಮುಂದೆ ಎದ್ದು ನಿಲ್ಲುತ್ತಾರೋ ಇಲ್ಲವೋ ತನಗೆ ತಿಳಿಯದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮುಗಿಸಿದ ಮೇಲೆ, ಇಂಗ್ಲಿಷಿನಲ್ಲಿ ತನಗೆ ಬಂದದ್ದು ಮೂವತ್ತೈದೇ ಅಂಕ ಎಂದೂ ಸೇರಿಸಿಬಿಟ್ಟ. ಹೆಂಗಸರ ಸಾಲಿನಲ್ಲಿದ್ದ ರೇಣುಕಮ್ಮ ಹಣೆ ಚಚ್ಚಿಕೊಂಡಳು. ಮೂವತ್ತೈದು ಎಷ್ಟಕ್ಕೆ ಎಂದು ಯಾರೋ ಕೇಳಿದರು. ನೂರಕ್ಕೆ ಎಂದಾಗ, ಮೂವತ್ತೈದು ಕಮ್ಮಿಯೇನಲ್ಲ ಎಂಬ ಅಭಿಪ್ರಾಯ ವ್ಯಕ್ತವಾಯಿತು.

ಪಾಲಯ್ಯ ಎದ್ದು ಅರ್ಜಿ ಕೊಟ್ಟ. ರವೀಂದ್ರರು ಓದಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ, ಒಳ್ಳೆಯವನಾದದ್ದಕ್ಕೆ ಪರಿಹಾರ ಕೇಳಿದ ಅರ್ಜಿ ಅವರಿಗೆ ಬಂದಿರಲಿಲ್ಲ. ಕುರಿಯ ವಿಷಯ ತಮ್ಮ ಇಲಾಖೆಗೆ ಬರುವುದಿಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಏಕನಾಥಮ್ಮ ಎದ್ದಳು.

"ನಾವು ಅರ್ಧ ಕತೆ ಕೇಳೀವಿ," ಎಂದಳು. "ಕುರುಡಪ್ಪ ಕೊನೀಗೆ ಗಂಜಿ ಕುಡ್ಕಂತ ಒಲೆ ಮುಂದೆ ಕುಂತಿದ್ದ. ಅದೇ ಮೊದ್ಲು ಅಂದ್ರೆ, ಅಂಥೋನು ಹೆಂಗೆ ಕೆಟ್ಟ ಅಂತ ತಿಳ್ಕಬೇಕಲ್ಲ. ಈಗ ಆ ಕಡೆಯಿಂದ ತೋರ್ಸಿ. ನೋಡಿದ ಮ್ಯಾಲೂ ಪಾಲಯ್ಯ ಕೇಳಿದ್ರೆ ನನ್ನ ಕುರಿ ಹೊಡ್ಕಂಡು ಹೋಗ್ಲಿ."

ಪಾಲಯ್ಯ ಒಪ್ಪಿದ. ಒಪ್ಪದೆ ಗತಿಯಿರಲಿಲ್ಲ, ನೂರೈವತ್ತು ಜನ ಅವನನ್ನೇ ನೋಡುತ್ತಿದ್ದರು.

ಟಿ.ವಿ.ಯನ್ನು ಗೋಡೆಯಿಂದಿಳಿಸಿ ಬಾಗಿಲ ಹತ್ತಿರ ಇಟ್ಟರು. ಶಿಫಾ ಲ್ಯಾಪ್‌ಟಾಪಿನ ವೈರು ಸೇರಿಸಿದಳು. ರಹಮತ್ ಉಲ್ಲಾರಿಗೆ ರವೀಂದ್ರರ ಪಕ್ಕದಲ್ಲೇ ಕುರ್ಚಿ ಸಿಕ್ಕಿತು. ಮಾತು ಜಪಾನಿನದು, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು. ಕನ್ನಡ ಹೇಳುವ ಕೆಲಸ ಹಾಲಸ್ವಾಮಿಯದು. ಅರ್ಥವಾಗದ ಕಡೆ ಅವನು ಈ ಸಲ, ಇದು ಗೊತ್ತಾಗಲಿಲ್ಲ ಎಂದೇ ಹೇಳಿದ. ಅಲ್ಲೆಲ್ಲ ಶಿಫಾ ಹೇಳಿಕೊಟ್ಟಳು. ಹೀಗೆ ಹೇಳಿದ್ದರಿಂದ ಆಕಾಶವೇನೂ ಬೀಳಲಿಲ್ಲವೆಂಬುದನ್ನು ಅವನು ಆಶ್ಚರ್ಯದಿಂದ ಗಮನಿಸಿದ.

ಚಿತ್ರ ಶುರುವಾಯಿತು. ಪುಸ್ತಕದಲ್ಲಿ ಸುಮ್ಮನೆ ನಿಂತಿದ್ದ ಕುರಿಗಳು ಹಿಮದ ಗುಡ್ಡದಿಂದ ಕೊರಳ ಗಂಟೆ ಅಲ್ಲಾಡಿಸುತ್ತ ಇಳಿದುಬಂದವು. ಅವು ಅರಚಿದ ಕೂಡಲೇ ಊರ ರೊಪ್ಪಗಳಿಂದ ನಿಜವಾದ ಕುರಿಗಳೆಲ್ಲ ಒಟ್ಟಿಗೆ ಓಗೊಟ್ಟವು. ಸ್ವಲ್ಪ ಹೊತ್ತು ಜಪಾನಿನ ಕುರಿಗೂ ಕರೇಕಲ್ಲಹಟ್ಟಿಯ ಕುರಿಗೂ ಸಂಭಾಷಣೆ ನಡೆದು, ಹಾಲಸ್ವಾಮಿ ಕಾಯಬೇಕಾಯಿತು.

ಒಲೆಯ ಸುತ್ತ ಅಜ್ಜಿ, ಹುಡುಗ, ಕುರೋದಾ ಕೂತರು. ಗಂಜಿ ಕುಡಿದರು. ಕುರೋದಾ ನಗುನಗುತ್ತ ಎದ್ದು ಮನೆಗೆ ಹೊರಟ. ಇಲ್ಲಿಂದ ಮುಂದಿನದು ಪುಸ್ತಕದಲ್ಲಿ ಇರಲಿಲ್ಲ. ದಾರಿಯಲ್ಲಿ ಹಿಮ ಸುರಿಯುತ್ತಿತ್ತು. ಮಂದೆ ತಪ್ಪಿದ ಮರಿಯೊಂದು ಬಂಡೆಯ ಮರೆಯಲ್ಲಿ ನಡುಗುತ್ತ ನಿಂತಿತ್ತು. ಕುರೋದಾ ತನ್ನ ಕಂಬಳಿ ತೆಗೆದು ಅದಕ್ಕೆ ಸುತ್ತಿದ, ಎದೆಗವಚಿಕೊಂಡು ಮನೆಗೆ ಒಯ್ದ, ಬೆಂಕಿಯ ಹತ್ತಿರ ಮಲಗಿಸಿ ಬಟ್ಟೆಯ ತುದಿಯಿಂದ ಹಾಲು ಕುಡಿಸಿದ. ಜನರಲ್ಲಿ ಒಂದು ನಿಟ್ಟುಸಿರು ಎದ್ದಿತು. ನಮ್ಮ ಕುರುಡಪ್ಪ ಇವನೇ ಎಂದು ಯಾರೋ ಹೇಳಿದರು.

ಬೆಳಗಾಯಿತು. ಮರಿ ಚೇತರಿಸಿಕೊಂಡು ಮನೆಯೊಳಗೆ ಓಡಾಡುತ್ತಿತ್ತು. ಹೊರಗೆ ಹುಡುಗ ತೊಕುಜಿಯ ದನಿ ಕೇಳಿಸಿತು: ಮಾವಾ, ನಮ್ಮ ಮರಿಯೊಂದು ತಪ್ಪಿಸಿಕೊಂಡಿದೆ, ಕಂಡಿರಾ ಎಂದು. ಕುರೋದಾ ಮರಿಯ ಕಡೆ ನೋಡಿದ. ಅದರ ಕಿವಿಯಲ್ಲೊಂದು ಕಚ್ಚು ಇತ್ತು. ಬಾಗಿಲ ತನಕ ಹೋದ, ಅಗುಳಿಯ ಮೇಲೆ ಕೈಯಿಟ್ಟ. ಕೈ ಅಲ್ಲೇ ಬಹಳ ಹೊತ್ತು ನಿಂತಿತು.

ಅವನ ತುಟಿ ಅಲ್ಲಾಡಿತು. ಕೆಳಗೆ ಅಕ್ಷರ ಮೂಡಿತು. ಹಾಲಸ್ವಾಮಿ ಓದಿದ, ಇದಕ್ಕೆ ಶಿಫಾಳ ಸಹಾಯ ಬೇಕಾಗಲಿಲ್ಲ.

"ಇಲ್ಲಪ್ಪ. ನಾನು ಕಾಣಲಿಲ್ಲ."

ಈ ಸಲ ಯಾರೂ ಪಾಲಯ್ಯನ ಕಡೆ ತಿರುಗಲಿಲ್ಲ. ನೂರೈವತ್ತು ಜನ ಕಷ್ಟಪಟ್ಟು ಟಿ.ವಿ.ಯನ್ನೇ ನೋಡುತ್ತ ಕೂತರು. ಪಾಲಯ್ಯನೂ ಅದನ್ನೇ ನೋಡುತ್ತಿದ್ದ. ಹುಡುಗ ಹಿಮದಲ್ಲಿ ಕೂಗುತ್ತ ಕೂಗುತ್ತ ದೂರ ಹೋದ. ಕುರೋದಾ ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತ. ಮರಿ ಬಂದು ಅವನ ಕೈ ನೆಕ್ಕಿತು. ಮೊದಲ ಕಂತು ಅಲ್ಲಿಗೆ ಮುಗಿಯಿತು.

ಪಾಲಯ್ಯ ಎದ್ದು ರವೀಂದ್ರರ ಹತ್ತಿರ ಬಂದು, ಆ ಅರ್ಜಿ ಒಂಚೂರು ಕೊಡ್ರಿ ಸರ್, ಅದರಲ್ಲೊಂದು ತಪ್ಪಾಗೈತೆ ಎಂದ. ಇಸಿದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಏಕನಾಥಮ್ಮನ ಮುಂದೆ ಹೋಗಿ ನಿಂತ.

"ಆ ಮರಿ ಎಡಗಾಲು ಸ್ವಲ್ಪ ಸೊಟ್ಟ ಐತೆ," ಎಂದ. "ಕಲ್ಲು ಜಾಗಕ್ಕೆ ಬಿಡಬ್ಯಾಡ."

"ನೋಡೀನಿ," ಎಂದಳು ಏಕನಾಥಮ್ಮ. "ಕುಂತ್ಕ. ಇನ್ನೊಂದು ಕಂತು ಹಾಕ್ತಾಳಂತೆ ಹುಡುಗಿ."

ಎರಡನೇ ಕಂತಿನಲ್ಲಿ ಅಜ್ಜಿಗೆ ಕೆಮ್ಮು ಶುರುವಾಗುವ ಹೊತ್ತಿಗೆ ಡ್ರೈವರು ಬಂದು, ದುರ್ಗಕ್ಕೆ ಹೊತ್ತಾಯಿತೆಂದು ಎರಡನೇ ಸಲ ಜ್ಞಾಪಿಸಿದ. ಮನಸ್ಸಿಲ್ಲದ ಮನಸ್ಸಿನಿಂದ ರವೀಂದ್ರರು ಎದ್ದರು. ಜೀಪು ಹೊರಡುವಾಗಲೂ ಅವರ ತಲೆ ಹಿಂದಕ್ಕೆ ತಿರುಗಿಯೇ ಇತ್ತು. ಅವರ ವರದಿಯ ಪ್ರತಿ ನಾನು ನೋಡಿದ್ದೇನೆ. ಸದರಿ ಗ್ರಂಥಾಲಯದಲ್ಲಿ ತಪಾಸಣೆಯ ದಿನ ನೂರೈವತ್ತೆರಡು ಓದುಗರು ಹಾಜರಿದ್ದು, ಒಂದೇ ಪುಸ್ತಕವನ್ನು ಎರಡೂ ಕಡೆಯಿಂದ ಓದುವಷ್ಟು ಆಸಕ್ತಿ ಹೊಂದಿರುತ್ತಾರೆ. ಇದನ್ನು ಬೇರೆ ಗ್ರಂಥಾಲಯಕ್ಕೆ ಸೇರಿಸುವ ಬದಲು ಇದಕ್ಕೆ ಇನ್ನೊಂದು ಕೋಣೆ ಕೊಡುವುದು ಸೂಕ್ತ ಎಂದಿದೆ. ಪಂಚಾಯಿತಿ ಸಭೆಯಲ್ಲಿ ಆ ಇನ್ನೊಂದು ಕೋಣೆಯ ಠರಾವು ಮಂಡಿಸಿದವನು ಪಾಲಯ್ಯ.

ವರದಿ ಕಳಿಸುವ ಮೊದಲು, ಗುರುವಾರ ಬೆಳಿಗ್ಗೆ, ಹಾಲಸ್ವಾಮಿಗೆ ದುರ್ಗದಿಂದ ಫೋನು ಬಂತು. ಮೇಲಿನವರ ಫೋನು ಬಂದರೆ ಅವನು ಎದ್ದು ನಿಂತೇ ಮಾತಾಡುವವನು, ಈಗಲೂ ಎದ್ದ. ರವೀಂದ್ರರು ಓದುಗರ ಸಂಖ್ಯೆ ಕೇಳಿದರು, ಬೀರುಗಳ ಸಂಖ್ಯೆ ಕೇಳಿದರು, ಫ್ಯಾನು ಸರಿಯಿದೆಯೇ ಎಂದು ಕೇಳಿದರು.

"ಅಲ್ಲರಿ ಹಾಲಸ್ವಾಮಿ," ಎಂದರು ಕೊನೆಗೆ, ದನಿ ತಗ್ಗಿಸಿ. "ಆ ಅಜ್ಜಿ ಉಳೀತಾಳಾ?"

ಹಾಲಸ್ವಾಮಿಗೆ ಉತ್ತರ ಗೊತ್ತಿತ್ತು. ಊರಿನಲ್ಲಿ ಮೊದಲು ಗೊತ್ತಾದದ್ದೇ ಅವನಿಗೆ. ಅವನು ಕುರ್ಚಿ ಎಳೆದುಕೊಂಡ, ನಿಧಾನವಾಗಿ ಕೂತ, ಕಾಲಿನ ಮೇಲೆ ಕಾಲು ಹಾಕಿದ.

"ಗ್ರಂಥಾಲಯ ಒಂಬತ್ತಕ್ಕೆ ತೆರೀತೀವಿ ಸರ್," ಎಂದ. "ಬಂದು ಓದಿ."